ಅಡಿಕೆ ಪಕ್ಕಾಸಿಗೆ ಬೀಟಿಯ ಬಣ್ಣ

2021ರ ಮಳೆಗಾಲ ಮುಗಿದಾಗ ನಮ್ಮ ಚಾವಡಿಯ ಮಾಡಿನಲ್ಲಿ ಹನ್ನೊಂದು ಪಕ್ಕಾಸು ಕುಟ್ಟೆ ಹುಳಕ್ಕೆ ಬಲಿಯಾಗಿತ್ತು. ಬೆಳಗ್ಗೆ ಎದ್ದರೆ ನೆಲದಲ್ಲೆಲ್ಲ ಹಿಟ್ಟು. ಮರ ಕೊಳ್ಳುವ ತಾಕತ್ತಿಲ್ಲ. ತೋಟದಲ್ಲಿ ಬಿದ್ದ ಹಳೆ ಅಡಿಕೆ ಮರಗಳನ್ನೇ ಸಿಗಿದು ಏರಿಸಿದೆವು. ಖರ್ಚು ಉಳಿಯಿತು, ಆದರೆ ನೋಟ? ಹಳೆ ಪಕ್ಕಾಸು ಕಪ್ಪುಗೆಂಪು, ಹೊಸತು ಬಿಳಿಚು. ಇದಕ್ಕೂ ಕುಟ್ಟೆ ಹಿಡಿದರೆ ಮುಂದೆ ಹಂಚು ಇಳಿಸಿ ಶೀಟು ಹಾಕುವುದೇ ಗತಿ ಎಂಬ ಹೆದರಿಕೆ ಬೇರೆ.

ಮೊದಲು ಪೇಟೆಯಿಂದ ಕಂದು ಬಣ್ಣದ ಇನಾಮಲ್ ಡಬ್ಬ ತಂದು ಹೊರಗಿನ ಕಿಟಕಿಗೆ ಬಳಿದು ನೋಡಿದೆ. ಮೊದಲ ವಾರ ಚಂದ. ಎರಡನೇ ಮಳೆಗಾಲಕ್ಕೆ ಹಾವಿನ ಪೊರೆಯಂತೆ ಎದ್ದು ಬಂತು. ತಪ್ಪು ನನ್ನದೇ. ಸರಿಯಾಗಿ ಒಣಗದ ಮರಕ್ಕೆ ಬಳಿದರೆ ಒಳಗಿನ ಪಸೆ ಎಲ್ಲಿಗೆ ಹೋಗಬೇಕು?

ಆಗ ಅಮ್ಮ, "ನಿನ್ನ ಅಪ್ಪ ಗೇರೆಣ್ಣೆ ಕೊಡ್ತಾ ಇದ್ದದ್ದು ಮರೆತು ಹೋಯ್ತಾ?" ಅಂತ ಕೇಳಿದರು. ಹೌದಲ್ಲ! ದೋಣಿಯವರು ಹಲಗೆಗೆ ಹಚ್ಚುವುದೂ ಇದನ್ನೇ. ಗೇರುಬೀಜದ ಸಿಪ್ಪೆಯೊಳಗಿನ ಅಂಟು ಎಣ್ಣೆ ಇದು. ಸಿಪ್ಪೆಯ ತೂಕದ ಸುಮಾರು ಐದನೇ ಒಂದು ಪಾಲು ಎಣ್ಣೆಯೇ ಇರುತ್ತದೆ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ ನಮ್ಮ ಗುಡ್ಡೆಯದ್ದೇ ಆಗಿ ಹೋಗಿದೆ, ಅದರ ಬೀಜ ಮಾತ್ರ ಮಾರಿ ಉಳಿದದ್ದನ್ನು ನಾವು ಮರೆತಿದ್ದೇವೆ.

ಬೀಜದ ಕಾರ್ಖಾನೆಯಿಂದ ಐದು ಲೀಟರ್ ತಂದೆ. ಎಣ್ಣೆ ಬಹಳ ದಪ್ಪ. ಹಿಂದೆ ಸೀಮೆಎಣ್ಣೆ ಬೆರೆಸುತ್ತಿದ್ದರು. ಈಗ ಅದು ಸಿಗುವುದೇ ಕಷ್ಟವಾದ್ದರಿಂದ ಎರಡು ಪಾಲು ಎಣ್ಣೆಗೆ ಒಂದು ಪಾಲು ಟರ್ಪೆಂಟೈನ್ ಹಾಕಿದೆ. ಪಕ್ಕಾಸನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿ, ಮಾರ್ಚ್ ತಿಂಗಳ ಬಿಸಿಲಿಗೆ ಹಳೆ ಬಟ್ಟೆಯಿಂದ ತೆಳ್ಳಗೆ ಹಚ್ಚಿದ್ದು. ಕೊನೆಗಳಿಗೆ ಮಾತ್ರ ಕುಡಿಯುವಷ್ಟು ಕುಡಿಸಿದೆ, ಒರಳೆ ಹತ್ತುವುದು ಅಲ್ಲಿಂದಲೇ. ಮೊದಲ ಕೈ ಪೂರ್ತಿ ಒಣಗಿದ ಮೇಲೆ ಎರಡನೆಯದು. ಅವಸರ ಮಾಡಿದರೆ ತಿಂಗಳಾದರೂ ಅಂಟು ಬಿಡುವುದಿಲ್ಲ. ಒಂದೇ ದಪ್ಪ ಕೈಯಲ್ಲಿ ಮುಗಿಸಿದ ಎರಡು ಪಕ್ಕಾಸು ಏಪ್ರಿಲ್ ಕೊನೆಗೂ ನೊಣ ಹಿಡಿಯುತ್ತಿತ್ತು!

ಬಣ್ಣ ಬಂದದ್ದು ನೋಡಬೇಕು. ಮೊದಲು ಕಾಫಿ ಕಷಾಯದಂತೆ, ಒಣಗುತ್ತಾ ಬೀಟಿಯಂತೆ. ಮರದ ಗೆರೆ ಮುಚ್ಚುವುದಿಲ್ಲ. ಪೇಂಟಿನಲ್ಲಿ ಅದು ಸಾಧ್ಯವಿಲ್ಲ. ಕಾಲ ಕಳೆದಂತೆ ಕಪ್ಪಾಗುತ್ತಾ ಹೋಗುತ್ತದೆ ಎನ್ನುವುದು ನೆನಪಿರಲಿ.

ಈಗ ಮುಖ್ಯ ವಿಷಯ. ಈ ಎಣ್ಣೆ ಚರ್ಮ ಸುಡುತ್ತದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್‌ನದ್ದು ಈ ಕೆಲಸ. "ಅಣ್ಣ, ನಮಗೆ ಇದೆಲ್ಲ ಅಭ್ಯಾಸ" ಅಂದ ಕೆಲಸದವನ ಮಾತು ಕೇಳಿ ನಾನು ಗ್ಲೌಸ್ ತರಲಿಲ್ಲ. ಬೆವರು ಒರೆಸಲು ಅವನು ಕೈ ಮುಖಕ್ಕೆ ಒಯ್ದ. ಮರುದಿನ ಕಣ್ಣಿನ ಸುತ್ತ ಬಾತು ಗುಳ್ಳೆ. ಆಸ್ಪತ್ರೆ ಖರ್ಚು ಕೊಟ್ಟೆ, ಆದರೆ ಹತ್ತು ದಿನ ಅವನು ಪಟ್ಟ ಪಾಡು ನನ್ನ ಉದಾಸೀನದ ಫಲ. ರಬ್ಬರ್ ಗ್ಲೌಸ್, ತುಂಬು ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೈಗೆ ಮೊದಲೇ ತೆಂಗಿನೆಣ್ಣೆ ಸವರಿಕೊಳ್ಳಿ. ಎಣ್ಣೆಯನ್ನು ಮನೆಯಲ್ಲಿ ಕಾಯಿಸಲು ಹೋಗಬೇಡಿ. ಹೊಗೆಯೂ ಕೆಟ್ಟದ್ದು, ಬೆಂಕಿಯ ಭಯವೂ ಉಂಟು. ಮಂಚ, ತೊಟ್ಟಿಲು, ಮಣೆ, ಆಹಾರ ಇಡುವ ಕಪಾಟಿಗೆ ಇದು ಬೇಡ. ಈಗಾಗಲೇ ಒಳಗೆ ಹುಳ ಹೊಕ್ಕ ಮರವನ್ನು ಇದು ಬದುಕಿಸುವುದೂ ಇಲ್ಲ.

ಪಕ್ಕಾಸು ಚಂದ ಕಂಡದ್ದೇ ಮಗಳಿಗೆ ಗೋಡೆಗೂ ಅದೇ ಬಣ್ಣದ ಪೇಂಟ್ ಆಗಬೇಕೆಂದಾಯಿತು. ಒಂದು ಗೋಡೆಗೆ ಬಳಿಸಿದೆ. ಸಣ್ಣ ಕಿಟಕಿಯ ಹಂಚಿನ ಮನೆ, ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕಾಯಿತು. ಪುನಃ ಸುಣ್ಣ ಹೊಡೆಸಿ, ಮಾಡಿಗೆ ಎರಡು ಗಾಜಿನ ಹಂಚು ಇಟ್ಟೆವು. ಬಿಳಿ ಗೋಡೆ, ಮೇಲೆ ಕಡು ಕಂದು ಪಕ್ಕಾಸು, ಕೆಳಗೆ ಹಳೆಯ ಕೆಂಪು ಕಾವಿ ನೆಲ. ಈಗ ಬಂದವರು ಯಾವುದು ಅಡಿಕೆ ಮರ, ಯಾವುದು ಹಳೆಯದು ಅಂತ ಕೇಳಿಯೇ ತಿಳಿದುಕೊಳ್ಳಬೇಕು.

ಮೂರು ಮಳೆಗಾಲ ಕಳೆದರೂ ನೆಲದಲ್ಲಿ ಹಿಟ್ಟು ಕಂಡಿಲ್ಲ. ಉಳಿದ ಎಣ್ಣೆ ಹಟ್ಟಿಯ ಮಾಡಿಗೆ ಹೋಗಿದೆ, ದನದ ನಾಲಗೆ ಎಟುಕದ ಎತ್ತರದಲ್ಲಿ.