ಕಡು ಹಸಿರು ಗದ್ದೆಗೆ ಜಿಗಿಹುಳು ಯಾಕೆ ಮುತ್ತುತ್ತದೆ?

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಭತ್ತದ ಬೆಳೆಗಾರರಿಗೆ ಕಂದು ಜಿಗಿಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ತೆಂಡೆಗಳ ಬುಡದಲ್ಲಿ, ನೀರಿಗಿಂತ ತುಸು ಮೇಲೆ ಗುಂಪಾಗಿ ಕೂತು ರಸ ಹೀರುವ ಈ ಕೀಟ ಬದುವಿನ ಮೇಲೆ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗದ್ದೆಯ ನಡುನಡುವೆ ಬೆಂಕಿ ಬಿದ್ದಂತೆ ದುಂಡಗೆ ಒಣಗಿರುತ್ತದೆ. ಆಗ ಎಲ್ಲರೂ ಕೇಳುವುದು, ಯಾವ ಔಷಧಿ ಹೊಡೆಯೋಣ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಯೂರಿಯಾ ಎಷ್ಟು ಹಾಕಿದ್ದೀರಿ?

ಜಿಗಿಹುಳು ಹೀರುವ ರಸದಲ್ಲಿ ಸಕ್ಕರೆ ಧಾರಾಳ, ಸಾರಜನಕ ಕಡಿಮೆ. ಮರಿ ಬೆಳೆಯಲು, ಮೊಟ್ಟೆ ಕಟ್ಟಲು ಅದಕ್ಕೆ ಬೇಕಾದ್ದು ಸಾರಜನಕವಿರುವ ಅಮೈನೊ ಆಮ್ಲ. ಯೂರಿಯಾ ಮಿತಿಮೀರಿದ ಗಿಡದ ರಸದಲ್ಲಿ ಪ್ರೋಟೀನಾಗದೆ ಉಳಿದ ಅಮೈನೊ ಆಮ್ಲ ಏರುತ್ತದೆ. ಹುಳು ಬೇಗ ಬಲಿಯುತ್ತದೆ, ಹೆಚ್ಚು ಮೊಟ್ಟೆಯಿಡುತ್ತದೆ, ಮರಿಗಳೂ ಹೆಚ್ಚು ಉಳಿಯುತ್ತವೆ. ದಟ್ಟ ತೆಂಡೆಗಳ ಬುಡದಲ್ಲಿ ನೆರಳು, ತೇವ ಬೇರೆ. ಸಾಲದ್ದಕ್ಕೆ, ಈ ಕಡೆ ಸೋನಾ ಮಸೂರಿ ಎಂದೇ ಕರೆಯುವ ಜನಪ್ರಿಯ ಬಿಪಿಟಿ 5204 ಈ ಕೀಟಕ್ಕೆ ಸುಲಭವಾಗಿ ಬಗ್ಗುವ ತಳಿ.

ರಸದಲ್ಲಿ ಬಿಡಿ ಅಮೈನೊ ಆಮ್ಲ, ಸಕ್ಕರೆ ಹೆಚ್ಚಿದ ಗಿಡಕ್ಕೇ ಕೀಟ ಒಲಿಯುತ್ತದೆ ಎಂಬ ವಾದವನ್ನು ಫ್ರಾನ್ಸಿನ ವಿಜ್ಞಾನಿ ಫ್ರಾನ್ಸಿಸ್ ಶಾಬೂಸು 1985ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದರು. ಭತ್ತದ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಎಲ್ಲ ಬೆಳೆಗೂ ಅದನ್ನೇ ಸೂತ್ರ ಮಾಡಿಕೊಂಡರೆ ಎಡವುತ್ತೇವೆ. ಜೋಳವನ್ನೇ ನೋಡಿ: ಎಳೆ ಪೈರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಧುರಿನ್ ಎಂಬ ವಸ್ತುವಿದೆ. ಮಳೆ ಕೈಕೊಟ್ಟಾಗ ಎಳೆ ಜೋಳ ಮೇಯ್ದ ದನ ಸಾಯುವುದು ಅದರಿಂದಲೇ. ಆ ವಿಷ ತಯಾರಾಗುವುದಕ್ಕೂ ಸಾರಜನಕ ಬೇಕು. ಗೊಬ್ಬರ ಹೆಚ್ಚಿದರೆ ಕೀಟದಿಂದ ಕಾಯುವ ಆ ವಿಷವೂ ಹೆಚ್ಚುತ್ತದೆ.

ಭತ್ತ ನೆಚ್ಚಿಕೊಂಡಿರುವ ರಕ್ಷಣೆ ಸಿಲಿಕಾನ್. ಮಣ್ಣಿನಿಂದ ಅದನ್ನು ಹೀರಿ ಎಲೆ, ಕಾಂಡದ ಹೊರಪದರದಲ್ಲಿ ಗಟ್ಟಿಯಾಗಿ ಕೂರಿಸಿಕೊಳ್ಳುತ್ತದೆ. ಕಾಂಡ ಕೊರೆಯಲು ಬಂದ ಮರಿಯ ದವಡೆ ಅದಕ್ಕೆ ತಾಗಿ ಸವೆಯುತ್ತದೆ. ಹುಲ್ಲು, ಹೊಟ್ಟು ಎಲ್ಲವನ್ನೂ ಹೊರಗೆ ಸಾಗಿಸಿದ ಗದ್ದೆ ಈ ಸರಕನ್ನು ಬೆಳೆಬೆಳೆಗೂ ಕಳೆದುಕೊಳ್ಳುತ್ತದೆ. ಅಕ್ಕಿ ಗಿರಣಿಗಳ ಹಿತ್ತಲಲ್ಲಿ ರಾಶಿ ಬೀಳುವ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಸಿಲಿಕಾ ಇರುವುದನ್ನು ನೆನೆದರೆ, ಅದನ್ನು ಕಸ ಎನ್ನಲು ಮನಸ್ಸು ಬಾರದು.

ಗಿಡ ಸುಮ್ಮನೆ ಕಚ್ಚಿಸಿಕೊಂಡು ನಿಲ್ಲುವುದೂ ಇಲ್ಲ. ಜೀರುಂಡೆ ಒಂದು ಎಲೆ ಕಚ್ಚಿದರೆ ಆಲೂಗಡ್ಡೆ, ಟೊಮೆಟೊ ಗಿಡಗಳ ಬೇರೆ ಎಲೆಗಳಲ್ಲೂ ಕೀಟದ ಜೀರ್ಣಶಕ್ತಿ ಕೆಡಿಸುವ ಪ್ರೋಟೀನು ತುಂಬಿಕೊಳ್ಳುತ್ತದೆಂದು ಅಮೆರಿಕದ ಗ್ರೀನ್ ಮತ್ತು ರಯಾನ್ 1972ರಲ್ಲೇ ತೋರಿಸಿದ್ದರು. ಕಚ್ಚಿದ ಸುದ್ದಿಯನ್ನು ಗಿಡದೊಳಗೆ ಹಬ್ಬಿಸುವುದರಲ್ಲಿ ಜಾಸ್ಮೋನಿಕ್ ಆಮ್ಲದ ಪಾತ್ರ ದೊಡ್ಡದೆಂದು ಮುಂದೆ ತಿಳಿಯಿತು. ಬೇರಿನ ಸುತ್ತ ಬದುಕುವ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯ, ಮೈಕೊರೈಜಾ ಶಿಲೀಂಧ್ರಗಳು ಗಿಡವನ್ನು ಮೊದಲೇ ಎಚ್ಚರದಲ್ಲಿಡುತ್ತವೆ. ಕಚ್ಚಿದಾಗ ಅದರ ಪ್ರತಿಕ್ರಿಯೆ ಚುರುಕಾಗುತ್ತದೆ.

ಮಣ್ಣಿನ ಪಾಲು ಎಷ್ಟೆಂಬುದಕ್ಕೆ 1990ರ ದಶಕದ ಒಹಾಯೊ ಪ್ರಯೋಗ ಸಾಕ್ಷಿ. ಲ್ಯಾರಿ ಫೀಲನ್ ತಂಡ ಅಕ್ಕಪಕ್ಕದ ಸಾವಯವ ಮತ್ತು ರಾಸಾಯನಿಕ ಹೊಲಗಳಿಂದ ಮಣ್ಣು ತಂದು ಗಾಜಿನ ಮನೆಯಲ್ಲಿ ಮುಸುಕಿನ ಜೋಳ ಬೆಳೆಸಿತು. ಕಾಂಡಕೊರಕದ ಪತಂಗಗಳು ರಾಸಾಯನಿಕ ಹೊಲದ ಮಣ್ಣಿನ ಗಿಡಗಳ ಮೇಲೆ ಹೆಚ್ಚು ಮೊಟ್ಟೆಯಿಟ್ಟವು. ಈಗಷ್ಟೇ ಹಾಕಿದ ಗೊಬ್ಬರಕ್ಕಿಂತ ಹಲವು ವರ್ಷ ಮಣ್ಣನ್ನು ನಡೆಸಿಕೊಂಡ ಬಗೆ ಅಲ್ಲಿ ಮುಖ್ಯವಾಗಿತ್ತು.

ತುಂಗಭದ್ರಾ ಬಯಲಿನ ರೈತರು ಅಷ್ಟು ವರ್ಷ ಕಾಯಬೇಕಿಲ್ಲ. ಬುಡದ ನೆರಳು, ತೇವ ತಗ್ಗಲು ನಾಟಿ ಮಾಡುವಾಗ ಪ್ರತಿ 2-3 ಮೀಟರಿಗೊಮ್ಮೆ 30 ಸೆಂಟಿಮೀಟರ್ ಜಾಗ ಖಾಲಿ ಬಿಡಿ. ಯೂರಿಯಾವನ್ನು ಕಂತುಗಳಲ್ಲಿ, ಎಲೆಯ ಬಣ್ಣ ನೋಡಿ ಕೊಡಿ, ಪೊಟ್ಯಾಷ್ ಮರೆಯಬೇಡಿ. ಹುಳು ಕಂಡರೆ ಮೊದಲು ನೀರು ಬಸಿಯಿರಿ, ಔಷಧಿ ಅಂಗಡಿಯ ದಾರಿ ಆಮೇಲೆ.