ತೊಗರಿ ಹೊಲದಲ್ಲಿ ವಿಜೆಟ್‌ನ ಆಯುಷ್ಯ

ಮೊಬೈಲ್ ಪರದೆಯ ಮೇಲೆ ಕಾಣುವ ಗುಂಡಿ, ಪಟ್ಟಿ, ಅಕ್ಷರ ತುಂಬುವ ಚೌಕ, ಇವುಗಳ ನಡುವೆ ಬಿಟ್ಟ ಖಾಲಿ ಜಾಗ, ಎಲ್ಲವನ್ನೂ ಫ್ಲಟರ್ ಎಂಬ ತಂತ್ರಾಂಶ ಪರಿಕರದಲ್ಲಿ ವಿಜೆಟ್ ಎಂದೇ ಕರೆಯುತ್ತಾರೆ. ಗೂಗಲ್ ರೂಪಿಸಿದ ಈ ಪರಿಕರದ 1.0 ಆವೃತ್ತಿ 2018ರ ಡಿಸೆಂಬರ್‌ನಲ್ಲಿ ಹೊರಬಂದಿತು. ಡಾರ್ಟ್ ಎಂಬ ಭಾಷೆಯಲ್ಲಿ ಒಮ್ಮೆ ಬರೆದ ಆ್ಯಪ್ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲಿಯೂ ನಡೆಯುವುದು ಅದರ ಮುಖ್ಯ ಆಕರ್ಷಣೆ. ಇದನ್ನು ಕಲಿಯುವವರಿಗೆ ವಿಜೆಟ್‌ನ ಜೀವನಚಕ್ರ ಎಂಬ ಪಾಠ ಬೇಗನೆ ಎದುರಾಗುತ್ತದೆಯಾದರೂ, ಆ ಚಕ್ರ ವಸ್ತುತಃ ವಿಜೆಟ್‌ನದಲ್ಲ, ಅದರ ಬೆನ್ನಿಗಿರುವ ಸ್ಟೇಟ್ ಎಂಬ ಇನ್ನೊಂದು ವಸ್ತುವಿನದು ಎಂಬ ಸಂಗತಿ ಹಲವರಿಗೆ ಮನದಟ್ಟಾಗುವುದು ತಡವಾಗಿ.

ಕರ್ನಾಟಕ ಸರ್ಕಾರವು 2020ರ ಮುಂಗಾರು ಹಂಗಾಮಿನಲ್ಲಿ, ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ದಾಖಲಿಸಲೆಂದು ಬೆಳೆ ಸಮೀಕ್ಷೆಯ ಆ್ಯಪ್ ಒಂದನ್ನು ಜಾರಿಗೆ ತಂದಿತು. ಸರ್ವೆ ನಂಬರನ್ನು ಆರಿಸಿ, ಹೊಲದೊಳಗೆ ನಿಂತು, ಬೆಳೆಯ ಹೆಸರು ಮತ್ತು ವಿಸ್ತೀರ್ಣವನ್ನು ತುಂಬಿ, ಫೋಟೊ ತೆಗೆದು ಕಳುಹಿಸುವುದು ಅದರ ಕ್ರಮ. ಬೆಂಬಲ ಬೆಲೆಯ ಖರೀದಿಗೂ ಬೆಳೆ ವಿಮೆಗೂ ಹಾನಿ ಪರಿಹಾರಕ್ಕೂ ಈ ದಾಖಲೆ ಆಧಾರವಾಗುವುದರಿಂದ, ತೊಗರಿಯನ್ನೇ ನೆಚ್ಚಿದ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ಆ ಪರದೆಯ ಮೇಲಿನ ಒಂದು ಅಂಕಿ ತಪ್ಪಿದರೂ ಅದು ಸಣ್ಣ ತಪ್ಪಲ್ಲ. ಅಂಥದೊಂದು ನಮೂನೆಯನ್ನು ಫ್ಲಟರ್‌ನಲ್ಲಿ ಬರೆಯುವುದಾದರೆ ವಿಜೆಟ್‌ಗಳು ಹೇಗೆ ಹುಟ್ಟಿ ಹೇಗೆ ಅಳಿಯುತ್ತವೆ ಎಂಬುದನ್ನು ಅದರ ಮೂಲಕವೇ ಗಮನಿಸಬಹುದು.

ವಿಜೆಟ್ ಎಂಬುದು ಪರದೆಯ ಒಂದು ಭಾಗ ಹೇಗಿರಬೇಕೆಂದು ಹೇಳುವ ವಿವರಣೆ ಮಾತ್ರ. ಒಮ್ಮೆ ರಚನೆಯಾದ ಮೇಲೆ ಅದನ್ನು ತಿದ್ದುವಂತಿಲ್ಲ. ಬದಲಾವಣೆ ಬೇಕಾದರೆ ಹಳೆಯದನ್ನು ಬಿಸುಟು ಹೊಸದನ್ನೇ ರಚಿಸಬೇಕು. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ ಒಂದೊಂದು ಚಿತ್ರಕ್ಕೆ ಸಿಗುವ ಅವಧಿ ಸುಮಾರು 16 ಮಿಲಿಸೆಕೆಂಡ್ ಆಗಿದ್ದು, ಅಷ್ಟರೊಳಗೆ ನೂರಾರು ವಿಜೆಟ್‌ಗಳು ಹುಟ್ಟಿ ಕಸವಾದರೂ ಆ್ಯಪ್ ತಡವರಿಸದಿರಲು ಕಾರಣ ಎಲಿಮೆಂಟ್ ಎಂಬ ನಡುವಣ ಪದರ. ಮನೆಯ ನಕಾಶೆ ಬದಲಾದಾಗ ಜಾಣ ಗೌಂಡಿಯು ಹಾಸಿದ ಶಹಾಬಾದ್ ಕಲ್ಲುಗಳನ್ನೆಲ್ಲ ಕೀಳದೆ, ಹಳೆಯ ನಕಾಶೆಯನ್ನೂ ಹೊಸದನ್ನೂ ಪಕ್ಕದಲ್ಲಿಟ್ಟುಕೊಂಡು ವ್ಯತ್ಯಾಸವಿರುವಲ್ಲಿ ಮಾತ್ರ ಕೈ ಹಾಕುವಂತೆ, ಎಲಿಮೆಂಟ್ ಹೊಸ ವಿಜೆಟನ್ನು ಹಳೆಯದರೊಂದಿಗೆ ಹೋಲಿಸಿ ಅಗತ್ಯವಿದ್ದಷ್ಟನ್ನೇ ಬದಲಿಸುತ್ತದೆ.

ಬಳಕೆದಾರನು ತುಂಬಿದ ಮಾಹಿತಿ ವಿಜೆಟ್‌ನೊಂದಿಗೆ ಕಸವಾಗದಂತೆ ಕಾಯುವ ವಸ್ತುವೇ ಸ್ಟೇಟ್. ನೆನಪಿಡಬೇಕಾದ ಏನೂ ಇಲ್ಲದ ವಿಜೆಟ್‌ಗಳಿಗೆ, ಉದಾಹರಣೆಗೆ ಒಂದು ಶೀರ್ಷಿಕೆಗೆ, ಸ್ಟೇಟ್ ಬೇಕಿಲ್ಲ. ವಿಸ್ತೀರ್ಣದ ಚೌಕವುಳ್ಳ ಸಾಲಿಗೆ ಬೇಕು, ಮತ್ತು ಅದರ ಬದುಕು ಇನಿಟ್‌ಸ್ಟೇಟ್ ಎಂಬ ವಿಧಾನದಿಂದ ಮೊದಲಾಗುತ್ತದೆ. ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ ನಡೆಯುವ ಇದರಲ್ಲಿ ಜಿಪಿಎಸ್‌ನಿಂದ ಸ್ಥಳದ ಮಾಹಿತಿಯನ್ನು ಆಲಿಸಲು ತೊಡಗುವಂಥ ಆರಂಭದ ಕೆಲಸಗಳನ್ನು ಇಡುತ್ತಾರೆ. ಅದರ ಬೆನ್ನಿಗೇ ಬರುವ ಡಿಡ್‌ಚೇಂಜ್‌ಡಿಪೆಂಡೆನ್ಸೀಸ್, ವಿಜೆಟ್ ಅವಲಂಬಿಸಿರುವ ಸುತ್ತಲಿನ ಸಂಗತಿ ಬದಲಾದಾಗಲೆಲ್ಲ ಮರಳಿ ಕರೆಯಲ್ಪಡುತ್ತದೆ: ಆ್ಯಪ್‌ನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸುವುದು ಅಂಥ ಒಂದು ಸಂದರ್ಭ. ಬಳಿಕ ಬಿಲ್ಡ್ ಎಂಬುದು ವಿಜೆಟ್‌ಗಳನ್ನು ಕಟ್ಟಿಕೊಡುತ್ತದೆ. ಮಾಹಿತಿ ಬದಲಾಗಿದೆಯೆಂದು ಸೆಟ್‌ಸ್ಟೇಟ್ ಮೂಲಕ ಸೂಚಿಸಿದಾಗಲೆಲ್ಲ ಬಿಲ್ಡ್ ಮತ್ತೆ ನಡೆಯುವುದರಿಂದ, ಅದರೊಳಗೆ ಸರ್ವರ್‌ನಿಂದ ಮಾಹಿತಿ ತರಿಸುವ ಕೆಲಸವನ್ನು ಇಡುವುದು ಹೊಸಬರು ಮಾಡುವ ಸಾಮಾನ್ಯ ಪ್ರಮಾದ.

ಮಿಶ್ರ ಬೆಳೆಯ ಹೊಲದ ನಮೂನೆಯಲ್ಲಿ ಈ ವ್ಯವಸ್ಥೆಯ ಒಂದು ಸೂಕ್ಷ್ಮ ಎದ್ದು ಕಾಣುತ್ತದೆ. ಮೊದಲ ಸಾಲಿನಲ್ಲಿ ಹೆಸರು ಬೆಳೆ, 1 ಎಕರೆ; ಎರಡನೆಯ ಸಾಲಿನಲ್ಲಿ ತೊಗರಿ, 3 ಎಕರೆ ಎಂದು ತುಂಬಿ, ಅನಂತರ ಹೆಸರು ಬೆಳೆಯ ಸಾಲನ್ನು ಅಳಿಸಿದರೆ, ಪರದೆಯ ಮೇಲೆ ತೊಗರಿ, 1 ಎಕರೆ ಎಂದು ಉಳಿಯಬಹುದು. ಬೇರೆ ಗುರುತು ಕೊಡದಿದ್ದಲ್ಲಿ ಎಲಿಮೆಂಟ್ ಹೋಲಿಕೆ ಮಾಡುವಾಗ ವಿಜೆಟ್‌ನ ಬಗೆ ಮತ್ತು ಅದರ ಸ್ಥಾನವನ್ನಷ್ಟೇ ನೋಡಿ, ಮೊದಲ ಸ್ಥಾನದಲ್ಲಿ ಮತ್ತೆ ಅದೇ ಬಗೆಯ ಸಾಲು ಇರುವುದರಿಂದ ಅಲ್ಲಿನ ಹಳೆಯ ಸ್ಟೇಟನ್ನೇ ಮುಂದುವರಿಸುತ್ತದೆ. ಬೆಳೆಯ ಹೆಸರು ವಿಜೆಟ್‌ನಲ್ಲಿದ್ದುದರಿಂದ ಬದಲಾಯಿತು, ವಿಸ್ತೀರ್ಣ ಸ್ಟೇಟ್‌ನಲ್ಲಿದ್ದುದರಿಂದ ಹಾಗೆಯೇ ನಿಂತಿತು. ವಿಜೆಟ್ ಬದಲಾದಾಗ ಡಿಡ್‌ಅಪ್‌ಡೇಟ್‌ವಿಜೆಟ್ ಎಂಬ ವಿಧಾನ ಸ್ಟೇಟ್‌ಗೆ ಸುದ್ದಿ ಮುಟ್ಟಿಸುತ್ತದೆಯಾದರೂ, ಇಲ್ಲಿ ಸರಿಯಾದ ಪರಿಹಾರವೆಂದರೆ ಪ್ರತಿಯೊಂದು ಸಾಲಿಗೂ ಕೀ ಎಂಬ ಪ್ರತ್ಯೇಕ ಗುರುತನ್ನು ಕೊಡುವುದು. ಕಂಪ್ಯೂಟರ್ ಎಲ್ಲಿಯೂ ದೋಷವೆಂದು ಕೂಗಿಕೊಳ್ಳದ, ಅಂಕಿ ಮಾತ್ರ ಸದ್ದಿಲ್ಲದೆ ಸುಳ್ಳಾಗುವ ಇಂಥ ತಪ್ಪುಗಳೇ ಆ್ಯಪ್ ಏಕಾಏಕಿ ನಿಂತುಹೋಗುವುದಕ್ಕಿಂತ ಹೆಚ್ಚು ಅಪಾಯಕಾರಿ.

ವಿಜೆಟ್ ಪರದೆಯಿಂದ ತೆಗೆದುಹಾಕಲ್ಪಟ್ಟಾಗ ಮೊದಲು ಡಿಆ್ಯಕ್ಟಿವೇಟ್ ನಡೆಯುತ್ತದೆ. ಅದೇ ಚಿತ್ರದ ಅವಧಿಯೊಳಗೆ ಅದು ಬೇರೊಂದು ಸ್ಥಾನಕ್ಕೆ ಮರಳಿ ಸೇರದಿದ್ದರೆ ಡಿಸ್ಪೋಸ್ ಎಂಬ ಕೊನೆಯ ಹಂತ ಬರುತ್ತದೆ. ಇನಿಟ್‌ಸ್ಟೇಟ್‌ನಲ್ಲಿ ತೊಡಗಿದ ಜಿಪಿಎಸ್ ಆಲಿಕೆಯನ್ನು ಇಲ್ಲಿ ರದ್ದು ಮಾಡದಿದ್ದರೆ, ನಮೂನೆ ಮುಚ್ಚಿದ ಮೇಲೂ ಫೋನ್ ಸ್ಥಳವನ್ನು ಹುಡುಕುತ್ತಲೇ ಇದ್ದು ಬ್ಯಾಟರಿ ಕರಗುತ್ತದೆ. ಇಲ್ಲದ ಸ್ಟೇಟ್‌ಗೆ ತಡವಾಗಿ ಬಂದ ಮಾಹಿತಿಯು ಸೆಟ್‌ಸ್ಟೇಟನ್ನು ಕರೆದು ದೋಷಕ್ಕೆ ಎಡೆಮಾಡುತ್ತದೆ. ಕರೆಯುವ ಮೊದಲು ಮೌಂಟೆಡ್ ಎಂಬ ಗುಣವನ್ನು ಪರಿಶೀಲಿಸಿ, ಸ್ಟೇಟ್ ಇನ್ನೂ ಪರದೆಗೆ ಸೇರಿಕೊಂಡಿದೆಯೇ ಎಂದು ತಿಳಿಯುವ ರೂಢಿ ಇದಕ್ಕಾಗಿಯೇ ಬಂದಿದೆ.

ಆದರೆ ಡಿಸ್ಪೋಸ್ ಯಾವಾಗಲೂ ನಡೆದೇ ತೀರುತ್ತದೆಂಬ ಭರವಸೆಯಿಲ್ಲ, ಮತ್ತು ಹೊಲದಲ್ಲಿ ಬಳಕೆಯಾಗುವ ಆ್ಯಪ್‌ಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಮಾತು. ವಿಜೆಟ್‌ಗಳ ಬದುಕಿನ ಹೊರಗೆ ಇಡೀ ಆ್ಯಪ್‌ಗೂ ಒಂದು ಜೀವನಚಕ್ರವಿದ್ದು, ಎದುರಿಗಿದ್ದು ಬಳಕೆಯಲ್ಲಿರುವುದು, ಗಮನ ಕಳೆದುಕೊಂಡಿರುವುದು, ಮರೆಯಾಗಿರುವುದು, ತಡೆಹಿಡಿಯಲ್ಪಟ್ಟಿರುವುದು, ಬೇರ್ಪಟ್ಟಿರುವುದು ಎಂಬ ಸ್ಥಿತಿಗಳನ್ನು ಫ್ಲಟರ್ ಗುರುತಿಸುತ್ತದೆ. ಇವುಗಳಲ್ಲಿ ಮರೆಯಾಗಿರುವ ಸ್ಥಿತಿ 2023ರಲ್ಲಿ ಸೇರ್ಪಡೆಯಾದದ್ದು. ಬೆಳೆಯ ಫೋಟೊ ತೆಗೆಯಲು ಗುಂಡಿ ಒತ್ತಿದಾಗ ಫೋನಿನ ಕ್ಯಾಮೆರಾ ಆ್ಯಪ್ ಮುಂದೆ ಬಂದು ಸಮೀಕ್ಷೆಯ ಆ್ಯಪ್ ಹಿಂದೆ ಸರಿಯುತ್ತದೆ. ಕಡಿಮೆ ಮೆಮೊರಿಯ ಅಗ್ಗದ ಫೋನಿನಲ್ಲಿ ಕ್ಯಾಮೆರಾಕ್ಕೆ ಜಾಗ ಸಾಲದೆ ಹೋದರೆ, ಆಂಡ್ರಾಯ್ಡ್ ಹಿಂದೆ ಸರಿದ ಆ್ಯಪನ್ನು ಡಿಸ್ಪೋಸ್‌ಗೂ ಅವಕಾಶ ಕೊಡದೆ ಕೊನೆಗಾಣಿಸುತ್ತದೆ. ಫೋಟೊ ತೆಗೆದು ಮರಳಿದ ರೈತನ ಮುಂದೆ ಖಾಲಿ ನಮೂನೆ ನಿಂತಿರುತ್ತದೆ. ಫ್ಲಟರ್‌ನಲ್ಲಿ ಫೋಟೊ ತೆಗೆಯಲು ಬಳಸುವ ಇಮೇಜ್ ಪಿಕರ್ ಎಂಬ ಪೂರಕ ತಂತ್ರಾಂಶದಲ್ಲಿ, ಹೀಗೆ ಕಳೆದುಹೋದ ಚಿತ್ರವನ್ನು ಆ್ಯಪ್ ಮತ್ತೆ ತೆರೆದಾಗ ಹಿಂಪಡೆಯಲೆಂದೇ ರಿಟ್ರೀವ್‌ಲಾಸ್ಟ್‌ಡೇಟಾ ಎಂಬ ವಿಧಾನವಿರುವುದು ಈ ತೊಂದರೆ ಎಷ್ಟು ಸಾಮಾನ್ಯವೆಂಬುದಕ್ಕೆ ಸಾಕ್ಷಿ. ಅದು ಉಳಿಸುವುದು ಚಿತ್ರವನ್ನು ಮಾತ್ರ. ಸರ್ವೆ ನಂಬರು, ಬೆಳೆ, ಎಕರೆ ಮತ್ತು ಗುಂಟೆಗಳು ಉಳಿಯಬೇಕಾದರೆ ಕ್ಯಾಮೆರಾ ತೆರೆಯುವ ಮೊದಲೇ, ಸ್ಟೇಟ್‌ನಿಂದ ಹೊರಗೆ, ಫೋನಿನ ಸಂಗ್ರಹದಲ್ಲಿರುವ ದತ್ತಸಂಚಯಕ್ಕೆ ಅವನ್ನು ಬರೆದಿಡಬೇಕಾಗುತ್ತದೆ.