ಸವಳು ನೆಲಕ್ಕೆ ಒಗ್ಗುವ ಬೆಳೆ

ಬೆಳೆಗೆ ಪ್ರಾಣಾಧಾರವಾದ ನೀರೇ ನೆಲವನ್ನು ಬಂಜರಾಗಿಸಬಲ್ಲುದು ಎಂದರೆ ಮೇಲುನೋಟಕ್ಕೆ ವಿರೋಧಾಭಾಸವೆನಿಸೀತು. ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ಅದು ಕಣ್ಣೆದುರಿನ ಸತ್ಯ. 1953ರಲ್ಲಿ ಅಣೆಕಟ್ಟಿನ ನೀರು ಹರಿಯತೊಡಗಿದಾಗ ಅದು ಬಹುಮಟ್ಟಿಗೆ ಮಿತ ನೀರಾವರಿಯ ಬೆಳೆಗಳಿಗೆಂದು ಯೋಜಿತವಾಗಿತ್ತು. ಕಾಲಕ್ರಮದಲ್ಲಿ ಬತ್ತದ ಬೇಸಾಯವು ವ್ಯಾಪಿಸಿತು. ನೀರನ್ನು ಬೇಗನೆ ಬಸಿಯಗೊಡದ ಎರೆಭೂಮಿಯಲ್ಲಿ ಅಂತರ್ಜಲವು ಮೇಲೇರಿತು. ಅದರೊಡನೆ ಬಂದ ಲವಣವು, ನೀರು ಆವಿಯಾದ ಬಳಿಕ ಮೇಲ್ಪದರದಲ್ಲಿ ಬೆಳ್ಳಗೆ ಉಳಿಯಿತು. ಇದನ್ನೇ ರೈತರು ಸವಳು-ಜವಳು ಎನ್ನುವರು. ಕರಾವಳಿಯ ಉಪ್ಪುನೆಲವೂ ಸೇರಿದಂತೆ ಭಾರತದಲ್ಲಿ ಲವಣ ಹಾಗೂ ಕ್ಷಾರಪೀಡಿತ ಭೂಮಿ ಸುಮಾರು 67 ಲಕ್ಷ ಹೆಕ್ಟೇರುಗಳಷ್ಟಿದೆ.

ಉಪ್ಪು ಸಸ್ಯವನ್ನು ಎರಡು ಬಗೆಯಿಂದ ಬಾಧಿಸುತ್ತದೆ. ಮಣ್ಣಿನ ನೀರು ಉಪ್ಪಾದಷ್ಟೂ ಬೇರು ಅದನ್ನು ಹೀರಿಕೊಳ್ಳುವುದು ಕಷ್ಟವಾಗುತ್ತದೆ. ನೀರಿನ ನಡುವೆ ನಿಂತೂ ಸಸ್ಯವು ಬಾಯಾರುತ್ತದೆ. ಇದಲ್ಲದೆ ಒಳಹೊಕ್ಕ ಸೋಡಿಯಂ, ಸಸ್ಯಕ್ಕೆ ಅವಶ್ಯವಾದ ಪೊಟ್ಯಾಸಿಯಂನ ಸ್ಥಾನವನ್ನು ಆಕ್ರಮಿಸಿ ಎಲೆಗಳನ್ನು ಸುಡುತ್ತದೆ. ಬತ್ತವು ಎಳೆಯ ಸಸಿಯಾಗಿದ್ದಾಗಲೂ ಹೂವಾಡುವ ಕಾಲದಲ್ಲಿಯೂ ಈ ಬಾಧೆಗೆ ವಿಶೇಷವಾಗಿ ತುತ್ತಾಗುತ್ತದೆ. ಸಹಿಷ್ಣುವಾದ ತಳಿಯಾದರೋ ಸೋಡಿಯಮ್ಮನ್ನು ಬೇರಿನಲ್ಲಿಯೇ ತಡೆಯುತ್ತದೆ. ತಡೆದೂ ನುಸುಳಿದುದನ್ನು ಹಳೆಯ ಎಲೆಗಳಿಗೆ ಸಾಗಿಸಿ ಚಿಗುರನ್ನು ಕಾಪಾಡಿಕೊಳ್ಳುತ್ತದೆ.

ಈ ಗುಣವು ಪ್ರಯೋಗಶಾಲೆಯಲ್ಲಿ ಹುಟ್ಟಿದುದಲ್ಲ. ಕೇರಳದ ಹಿನ್ನೀರಿನ ಪೊಕ್ಕಾಳಿ ಬತ್ತ, ರಾಜಸ್ಥಾನದ ಖಾರ್ಚಿಯಾ ಗೋಧಿ, ನಮ್ಮ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಕಗ್ಗ ಬತ್ತ, ಇವುಗಳಲ್ಲಿ ಆ ಗುಣವನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ಅನಾಮಧೇಯರಾದ ಒಕ್ಕಲಿಗರು. ಇಂತಹ ತಳಿಗಳು ಸಾಮಾನ್ಯವಾಗಿ ಎತ್ತರವಾಗಿ ಬೆಳೆಯುವಂಥವು, ಇಳುವರಿಯಲ್ಲಿ ಹಿಂದುಳಿದವು. ಅವುಗಳ ಸಹನಶಕ್ತಿಯನ್ನು ಅಧಿಕ ಇಳುವರಿಯ ತಳಿಗಳೊಡನೆ ಸಂಕರಿಸಿ ಕೂಡಿಸುವುದೇ ವಿಜ್ಞಾನಿಗಳ ಕಾರ್ಯ.

1969ರಲ್ಲಿ ಸ್ಥಾಪಿತವಾದ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯು ಈ ಮಾರ್ಗದಲ್ಲಿ ಸಿ.ಎಸ್.ಆರ್. 10 ಮೊದಲಾದ ಬತ್ತದ ತಳಿಗಳನ್ನೂ, ಖಾರ್ಚಿಯಾ ಮೂಲದಿಂದ ಕೆ.ಆರ್.ಎಲ್. 1-4 ಎಂಬ ಗೋಧಿಯನ್ನೂ ರೂಪಿಸಿತು. ನಮ್ಮ ನಾಡಿನ ಗಂಗಾವತಿ ಸಂಶೋಧನಾ ಕೇಂದ್ರದಿಂದ ಗಂಗಾವತಿ ಸೋನಾ ತಳಿಯು ಹೊರಬಂದಿತು. ಪೊಕ್ಕಾಳಿಯ ಮೊದಲನೆಯ ವರ್ಣತಂತುವಿನಲ್ಲಿ 'ಸಾಲ್ಟಾಲ್' ಎಂಬ ಸಹಿಷ್ಣುತೆಯ ನೆಲೆಯು ಗುರುತಿಸಲ್ಪಟ್ಟ ಮೇಲೆ, ಸಸಿಯ ಹಂತದಲ್ಲಿ ನೆರವಾಗುವ ಆ ಒಂದಂಶವನ್ನೇ ಆಯ್ದು ಬೇರೊಂದು ತಳಿಗೆ ಸೇರಿಸುವುದು ಸಾಧ್ಯವಾಗಿದೆ.

ಆದರೂ ತಳಿಯೊಂದರಿಂದಲೇ ನೆಲದ ರೋಗವು ವಾಸಿಯಾಗದು. ಸಹಿಷ್ಣುತೆಗೂ ಒಂದು ಮಿತಿಯುಂಟು. ಉಪ್ಪುನೆಲಕ್ಕೆ ಬಸಿಗಾಲುವೆಯೂ ಕ್ಷಾರಭೂಮಿಗೆ ಜಿಪ್ಸಮ್ಮೂ ನೀರಿನ ಬಳಕೆಯಲ್ಲಿ ಮಿತವೂ ಇಲ್ಲವಾದರೆ, ಇಂದು ತಾಳಿಕೊಂಡ ಬೆಳೆ ನಾಳೆ ಸೋಲುತ್ತದೆ. ಅದಕ್ಕಿಂತಲೂ ಚಿಂತಿಸಬೇಕಾದ ಸಂಗತಿ ಮತ್ತೊಂದು: ಗಜನಿಗಳು ಸೀಗಡಿಯ ಸಾಕಣೆಗೆ ತಿರುಗಿದಂತೆಲ್ಲ ಕಗ್ಗದ ಬೇಸಾಯವು ಕುಗ್ಗಿದೆ. ಹೊಸ ತಳಿಗೆ ಮೂಲಧನವಾದ ಬೀಜವೇ ನಶಿಸಿಹೋದರೆ ಯಾವ ಪ್ರಯೋಗಶಾಲೆಯೂ ಅದನ್ನು ಮರಳಿ ಸೃಷ್ಟಿಸಲಾರದು. ಉಪಾಧ್ಯಾಯರು ಮಕ್ಕಳಿಗೆ ಮಣ್ಣಿನ ಪಾಠವನ್ನು ಹೇಳುವಾಗ, ಕಣಜದ ಮೂಲೆಯಲ್ಲಿರುವ ಅಜ್ಜನ ಬಿತ್ತನೆಯ ಕಾಳನ್ನೂ ಒಮ್ಮೆ ತರಿಸಿ ತೋರಿಸುವುದು ಉಚಿತ. ಅದು ಹಳತೆಂಬ ಕಾರಣಕ್ಕಲ್ಲ, ನಾಳೆಯ ಅನ್ನವು ಅದರಲ್ಲಿ ಅಡಗಿರಬಹುದೆಂಬ ಕಾರಣಕ್ಕೆ.